ನಾನೂರೈದು ವಾರ, ಶೇಷ ಸೊನ್ನೆ

ಅಮೆರಿಕದಲ್ಲಿ ನಾವಿರುವ ಎಡಿಸನ್ನಿನ ಓಕ್ ಟ್ರೀ ರೋಡಿನಲ್ಲಿ ಸೀರೆ ಅಂಗಡಿಯೊಂದರ ಮೇಲ್ಮಹಡಿಯಲ್ಲಿ ಕಚೇರಿ ಇಟ್ಟುಕೊಂಡಿರುವ ವಕೀಲೆಯೊಬ್ಬರು ಒಂದು ಶನಿವಾರ ಬೆಳಿಗ್ಗೆ ಫೋನ್ ಮಾಡಿ, "ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಮಾಡಾವ್ರು ನೀವ ಏನ್ರಿ ಸರ?" ಎಂದು ಕೇಳಿದರು. ಧಾರವಾಡದ ದನಿ. ನಾನು, ಆರೋಪವನ್ನು ಒಪ್ಪಿಕೊಳ್ಳುವವನ ಹಾಗೆ, ಹೌದು ಎಂದೆ.

ಪಕ್ಕದೂರು ಐಸೆಲಿನ್‌ನ ಕಿರಾಣಿ ಅಂಗಡಿಯವರು ವರ್ಷದ ಕೊನೆಯಲ್ಲಿ ಅಕ್ಕಿ ಮೂಟೆಯ ಜೊತೆ ಪುಕ್ಕಟೆಯಾಗಿ ಕೊಡುವ ಗೋಡೆ ಪಂಚಾಂಗದ ಮೂಲೆಯಲ್ಲಿ, ಇರುವೆಗಳು ಮಾತ್ರ ಓದಬಲ್ಲ ಅಕ್ಷರದಲ್ಲಿ, 'ಗಣಿತ' ಎಂಬ ಮಾತಿನ ಮುಂದೆ ನನ್ನ ಹೆಸರಿರುತ್ತದೆ. ಎಡಿಸನ್ನಿನ ಸೂರ್ಯೋದಯಕ್ಕೆ ತಿಥಿ, ನಕ್ಷತ್ರ, ರಾಹುಕಾಲಗಳನ್ನು ಹೊಂದಿಸಿ, ವರ್ಷಕ್ಕೆರಡು ಸಲ ಗಡಿಯಾರವನ್ನು ಒಂದು ಗಂಟೆ ಸರಿಸುವ ಡೇಲೈಟ್ ಸೇವಿಂಗ್ ಎಂಬ ಸರ್ಕಾರಿ ಗ್ರಹಚಾರವನ್ನೂ ಅದಕ್ಕೆ ಕೂಡಿಸಿ ಕೊಡುವುದು ನನ್ನ ಹೊಣೆ. ವಾರದ ಐದು ದಿನ ಹೋಬೋಕನ್ನಿನ ಆಫೀಸಿನಲ್ಲಿ ಮಾಡುವುದೂ ಹೆಚ್ಚುಕಡಿಮೆ ಅದೇ: ಕಂಪ್ಯೂಟರುಗಳು ತಾರೀಖು ತಪ್ಪದಂತೆ ಕಾಯುವುದು. ಅದುವರೆಗೆ ನನ್ನ ಗಣಿತದಿಂದ ಲೋಕಕ್ಕೆ ಒದಗಿದ್ದ ಅತಿ ದೊಡ್ಡ ಅನಾಹುತವೆಂದರೆ ಒಬ್ಬ ಆಂಟಿ ಏಕಾದಶಿಯ ದಿನ ಇಡ್ಲಿ ತಿಂದದ್ದು. ಅವರು ಇಂದಿಗೂ ನನ್ನನ್ನು ಮಾತಾಡಿಸುವುದಿಲ್ಲ.

"ಮಲಾಯ್ ಮಂದಿ ಹಳೇ ಕ್ಯಾಲೆಂಡರ್ ಒಂದು ಬಿಡಸಬೇಕಾಗೇದರಿ. ನಿಮಗ ಬರ್ತದಲ್ಲ?" ಎಂದರು ವಕೀಲೆ.

ಬರುವುದಿಲ್ಲ ಎನ್ನಬೇಕಾಗಿತ್ತು. "ನೋಡೋಣ" ಎಂದೆ. ನಮ್ಮ ಕಡೆ ಈ ಮಾತಿಗೆ ಬರುವುದಿಲ್ಲ ಎಂದೇ ಅರ್ಥ. ಧಾರವಾಡದಲ್ಲಿ ಹಾಗಲ್ಲವಂತೆ.

ಅವರ ಕಚೇರಿಯಲ್ಲಿ ಇನ್ನೊಬ್ಬ ಹೆಂಗಸು ಕೂತಿದ್ದಳು. ಜರ್ಸಿ ಸಿಟಿಯ ಆಸ್ಪತ್ರೆಯೊಂದರಲ್ಲಿ ನರ್ಸ್; ಡ್ಯೂಟಿಯ ನೀಲಿ ಬಟ್ಟೆಯಲ್ಲೇ ಬಂದಿದ್ದಳು. ಅವಳ ತಂದೆ ಮಲಾಯ್ ಮೀನುಗಾರರ ಹಳ್ಳಿಯೊಂದರಲ್ಲಿ ಹುಟ್ಟಿ, ಹಡಗಿನ ನೌಕರನಾಗಿದ್ದ ತಮ್ಮ ತಂದೆಯ ಹಿಂದೆ ನ್ಯೂಯಾರ್ಕಿಗೆ ಬಂದು, ಹಡಗುಕಟ್ಟೆಯ ಹೋಟೆಲುಗಳಲ್ಲಿ ಜೀವಮಾನವಿಡೀ ಅಡಿಗೆ ಮಾಡಿದವರು. ಪ್ರಾಯದಲ್ಲಿ ಯಾರನ್ನೋ ಹೊಡೆದ ಹಳೆಯ ಕೇಸೊಂದು ಈಗ ಹೊರಬಂದು, ಗ್ರೀನ್ ಕಾರ್ಡ್ ರದ್ದು ಮಾಡಿ ಗಡೀಪಾರು ಮಾಡುವ ವಿಚಾರಣೆ ನಡೆದಿತ್ತು. ಮುದುಕರು ಡಿಟೆನ್ಷನ್ ಸೆಂಟರಿನಲ್ಲಿದ್ದರು. ಅವರನ್ನು ಕಳಿಸಬೇಕೆಂದಿದ್ದ ಹಳ್ಳಿಯಲ್ಲಿ ಅವರನ್ನು ಬಲ್ಲವರು ಯಾರೂ ಉಳಿದಿರಲಿಲ್ಲ.

ದಾರಿ ಇದ್ದದ್ದು ಒಂದೇ. ಆ ಮುದುಕರ ತಂದೆ ಅಮೆರಿಕದ ಪ್ರಜೆಯಾಗಿ ಪ್ರಮಾಣ ಮಾಡಿದ ದಿನ ಮಗನಿಗೆ ಹದಿನೆಂಟು ತುಂಬಿರದಿದ್ದರೆ, ಆ ಕಾಲದ ಕಾನೂನಿನ ಪ್ರಕಾರ, ಮಗನೂ ತಾನೇ ತಾನಾಗಿ ಪ್ರಜೆ. ಪ್ರಜೆಯನ್ನು ಗಡೀಪಾರು ಮಾಡುವಂತಿಲ್ಲ. ಆದರೆ ಪಾಸ್‌ಪೋರ್ಟಿನಲ್ಲಿದ್ದ ಹುಟ್ಟಿದ ತಾರೀಖು, ಯಾವ ದಾಖಲೆಯೂ ಇಲ್ಲದವರಿಗೆ ಸರ್ಕಾರಗಳು ಹಂಚುವ ಜನವರಿ ಒಂದು. ಅದರ ಪ್ರಕಾರ ಅಂದು ಅವರಿಗೆ ಇಪ್ಪತ್ತೊಂದು. ಆ ವಯಸ್ಸನ್ನು ಯಾರೋ ಗುಮಾಸ್ತ ಮೀಸೆ ನೋಡಿ ಬರೆದದ್ದು.

"ನಿಜವಾದದ್ದು ಇಲ್ಲಿದೆ" ಎಂದು ಮಗಳು ಒಂದು ಹಾಳೆ ಮುಂದಿಟ್ಟಳು. ಅವಳ ಮುತ್ತಜ್ಜ, ಅಂದರೆ ಮುದುಕರ ಅಜ್ಜ, ಅರಬ್ಬಿ ಲಿಪಿಯ ಮಲಾಯ್‌ನಲ್ಲಿ ಬರೆದಿಟ್ಟ ನೋಟ್‌ಬುಕ್ಕಿನ ಒಂದು ಪುಟದ ನಕಲು; ಪಕ್ಕದಲ್ಲಿ ಮುದ್ರೆ ಒತ್ತಿದ ಅನುವಾದ: "ಜಾ ವರ್ಷ, ಜಮಾದಿಲ್ ಆಖಿರ್ ತಿಂಗಳು ಹತ್ತೊಂಬತ್ತು, ಶುಕ್ರವಾರದ ರಾತ್ರಿ, ಮುಸ್ಸಂಜೆಯ ಪ್ರಾರ್ಥನೆಯ ನಂತರ, ಮೊಮ್ಮಗ."

ಹಾಳೆಯ ಮೇಲ್ತುದಿಯಲ್ಲಿ ಕೈಯಿಂದ ಬರೆದ ಒಂದು ಚಕ್ರವಿತ್ತು. ಐದು ಮನೆ. ಅನುವಾದಕರು ಅದರ ಹೆಸರುಗಳನ್ನೂ ಕೊಟ್ಟಿದ್ದರು: ಮಹೇಶ್ವರ, ಕಾಳ, ಶ್ರೀ, ಬ್ರಹ್ಮ, ಬಿಸ್ನು.

ನನಗೆ ರೋಮಾಂಚನವಾಯಿತು. ಹಗಲನ್ನು ಐದು ಪಾಲು ಮಾಡಿ, ಒಂದೊಂದು ಪಾಲಿಗೆ ಒಬ್ಬೊಬ್ಬ ದೇವರನ್ನು ಕಾವಲಿಗೆ ಹಾಕಿ, ಯಾವ ಹೊತ್ತಿನಲ್ಲಿ ದೋಣಿ ಇಳಿಸಬಹುದು, ಯಾವ ಹೊತ್ತಿನಲ್ಲಿ ಕೂಡದು ಎಂದು ನೋಡುವ ಪದ್ಧತಿ. ಆ ಹೊತ್ತಿಗೆ ಅವರು ಹೇಳುವುದು 'ಕೆತಿಕಾ'. ನಮ್ಮ ಘಳಿಗೆಯ ದೂರದ ನೆಂಟ. ಶ್ರೀ ಬಂದರೆ ಮೀನು, ಕಾಳ ಬಂದರೆ ಕೇಡು. ನಮ್ಮ ರಾಹುಕಾಲ ಲುಂಗಿ ಉಟ್ಟು ಸಮುದ್ರತೀರದಲ್ಲಿ ಕೂತಂತಿತ್ತು. ಇವರೆಲ್ಲ ನಮ್ಮವರೇ ಅಲ್ಲವೇ ಎಂದುಕೊಂಡೆ. ಮುಂದೆ ಆದದ್ದಕ್ಕೆಲ್ಲ ಮೂಲ ಇದೇ.

ಕೆಲಸ ಶುರು ಮಾಡಿದೆ. ಅವರ ತಿಂಗಳುಗಳು ಮುಸ್ಲಿಮರ ಚಾಂದ್ರ ತಿಂಗಳುಗಳು. ವರ್ಷಗಳಿಗೆ ಸಂಖ್ಯೆ ಬರೆಯುವ ಬದಲು ಹಳ್ಳಿಯವರು ಎಂಟು ವರ್ಷದ ಒಂದು ಚಕ್ರ ಇಟ್ಟುಕೊಂಡು, ವರ್ಷಕ್ಕೊಂದು ಅಕ್ಷರದ ಹೆಸರು ಕೊಟ್ಟಿದ್ದರು: ಅಲಿಫ್, ಹಾ, ಜೀಮ್, ಜಾ ಇತ್ಯಾದಿ. ಎಂಟು ಮುಗಿದ ಮೇಲೆ ಮತ್ತೆ ಅಲಿಫ್. ನಮ್ಮ ಪ್ರಭವ ವಿಭವಗಳ ಅರವತ್ತರ ಸಂಸಾರದ ಮುಂದೆ ಇದು ಚಿಕ್ಕ ಚೊಕ್ಕ ಕುಟುಂಬ. ಎಂಟರಲ್ಲಿ ಐದು ವರ್ಷಕ್ಕೆ ತಲಾ ಮುನ್ನೂರ ಐವತ್ತನಾಲ್ಕು ದಿನ, ಮೂರಕ್ಕೆ ಒಂದು ದಿನ ಹೆಚ್ಚು. ಹಳೆಯ ಕೋಷ್ಟಕಗಳನ್ನು ತರಿಸಿ ನೋಡಿದಾಗ, ಮುದುಕರ ವಯಸ್ಸಿಗೆ ಹೊಂದಬಹುದಾದ ಜಾ ವರ್ಷಗಳು ಎರಡು ಸಿಕ್ಕವು. ಮೊದಲನೆಯದಾದರೆ ತಂದೆಯ ಪ್ರಮಾಣದ ದಿನ ಅವರಿಗೆ ಇಪ್ಪತ್ತೈದರ ಹತ್ತಿರ. ಎಂಟು ಚಾಂದ್ರ ವರ್ಷ ಆಮೇಲಿನದಾದರೆ ಹದಿನೇಳು.

ಇಪ್ಪತ್ತೈದಾದರೆ ವಿಮಾನ. ಹದಿನೇಳಾದರೆ ಮನೆ.

ಇಲ್ಲಿ ಒಂದು ಹೊಂಡವಿತ್ತು. ಅದನ್ನು ನಾನು ಚೆನ್ನಾಗಿಯೇ ದಾಟಿದೆ ಎಂಬುದನ್ನು ದಾಖಲಿಸಲು ಇಷ್ಟಪಡುತ್ತೇನೆ. ನಮಗೆ ದಿನ ಹುಟ್ಟುವುದು ಸೂರ್ಯೋದಯಕ್ಕೆ, ಅವರಿಗೆ ಸೂರ್ಯಾಸ್ತಕ್ಕೆ. 'ಶುಕ್ರವಾರದ ರಾತ್ರಿ' ಎಂದರೆ ನಾವು ಹೇಳುವ ಗುರುವಾರದ ರಾತ್ರಿ. ಇದನ್ನು ಪತ್ತೆ ಮಾಡಿದ ಸಂಜೆ ಹೆಂಡತಿಯ ಮುಂದೆ ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಅವಳು ಹುರುಳಿಕಾಯಿ ನಾರು ತೆಗೆಯುತ್ತ, "ಸರಿ, ಗುರುವಾರ" ಎಂದಳು.

ಆಮೇಲೆ ಪರೀಕ್ಷೆ. ನಮ್ಮ ಕಲ್ಲುಶಾಸನಗಳ ಕಾಲ ಗೊತ್ತುಮಾಡುವವರಿಗೆ ಒಂದು ಅಭ್ಯಾಸವಿದೆ. ಸಂವತ್ಸರ, ಮಾಸ, ತಿಥಿಗಳನ್ನು ಲೆಕ್ಕ ಹಾಕಿ ಬಂದ ದಿನದ ವಾರವೂ ಶಾಸನದಲ್ಲಿ ಹೇಳಿದ ವಾರವೂ ಒಂದೇ ಆದರೆ ಕೈ ತಟ್ಟಿ ಎದ್ದುಬಿಡುವುದು. ತಪ್ಪು ವರ್ಷಕ್ಕೆ ವಾರ ತಾಳೆಯಾಗುವುದು ಅಪರೂಪ. ಅದಕ್ಕೇ ಅದು ಒಳ್ಳೆಯ ಸಾಕ್ಷಿ. ನಾನು ಹದಿನೇಳು ಬರುವ ವರ್ಷವನ್ನು ತೆಗೆದುಕೊಂಡು ಲೆಕ್ಕ ಹಾಕಿದೆ. ಗುರುವಾರದ ಸಂಜೆಯೇ ಬಂತು. ಕೈ ತಟ್ಟಿ ಎದ್ದೆ. ಇನ್ನೊಂದು ವರ್ಷಕ್ಕೆ ಲೆಕ್ಕ ಹಾಕಿ ನೋಡಲಿಲ್ಲ.

ವಕೀಲೆಯ ಕಚೇರಿಯಲ್ಲಿ ನಾಲ್ಕು ಪುಟದ ಪ್ರಮಾಣಪತ್ರಕ್ಕೆ ಸಹಿ ಹಾಕಿದೆ. ಅದರ ಕೊನೆಯಲ್ಲಿ, "ವಾರದ ತಾಳೆಯಿಂದ ಈ ತಾರೀಖು ಸಂದೇಹಕ್ಕೆಡೆಯಿಲ್ಲದಂತೆ ದೃಢಪಟ್ಟಿದೆ" ಎಂಬ ವಾಕ್ಯವಿತ್ತು. ಅದನ್ನು ಬರೆದವನು ನಾನು; ಓದಿ ಸಂತೋಷಪಟ್ಟವನೂ ನಾನು. ಕೆಳಗೆ, ಇದು ಸುಳ್ಳಾದರೆ ನಾನು ಶಿಕ್ಷೆಗೆ ಗುರಿಯಾಗುತ್ತೇನೆ ಎಂಬ ಒಕ್ಕಣೆ ಅಚ್ಚಾಗಿತ್ತು. ಅದನ್ನೂ ಓದಿದೆ. ಒಳ್ಳೆಯ ಇಂಗ್ಲಿಷ್ ಅನ್ನಿಸಿತು.

ಅದೇ ವಾರ ನನ್ನದೇ ಸಿಟಿಜನ್‌ಶಿಪ್ ಇಂಟರ್‌ವ್ಯೂಗೆ ಕಾಗದ ಬಂತು. ಅದು ಇದ್ದದ್ದು ಮುದುಕರ ವಿಚಾರಣೆಯಾಗಿ ಎರಡು ತಿಂಗಳಿಗೆ.

ಪ್ರಮಾಣಪತ್ರ ಕೋರ್ಟಿಗೆ ಹೋಗಿ ಎಂಟು ದಿನವಾಗಿತ್ತು. ಬೆಳಗಿನ ರೈಲಿನಲ್ಲಿ ಹೋಬೋಕನ್ನಿಗೆ ಹೋಗುತ್ತಿದ್ದೆ. ಜಡ್ಜ್ ಎದುರು ತೋರಿಸಲು ಎಂಟು ವರ್ಷದ ಚಕ್ರದ ಅಂದವಾದ ಕೋಷ್ಟಕವೊಂದನ್ನು ಲಕೋಟೆಯ ಹಿಂಬದಿಯಲ್ಲಿ ಬರೆಯುತ್ತಿದ್ದೆ. ಯಾರೂ ಕೇಳಿರಲಿಲ್ಲ, ವಿದ್ವತ್ತಿನ ಚಪಲ. ಐದು ವರ್ಷಕ್ಕೆ ಸಾವಿರದ ಏಳುನೂರ ಎಪ್ಪತ್ತು ದಿನ. ಮೂರು ವರ್ಷಕ್ಕೆ ಸಾವಿರದ ಅರವತ್ತೈದು. ಒಟ್ಟು ಎರಡು ಸಾವಿರದ ಎಂಟುನೂರ ಮೂವತ್ತೈದು. ಕೈ ಸುಮ್ಮನಿರಲಾರದೆ ಅದನ್ನು ಏಳರಿಂದ ಭಾಗಿಸಿದೆ.

ನಾನೂರೈದು. ಶೇಷ ಸೊನ್ನೆ.

ಮತ್ತೊಮ್ಮೆ ಭಾಗಿಸಿದೆ. ಸೊನ್ನೆ ಅಲ್ಲೇ ಕೂತಿತ್ತು.

ಅಂದರೆ, ಎಂಟು ವರ್ಷದ ಚಕ್ರದಲ್ಲಿ ಇಡೀ ಇಡೀ ವಾರಗಳೇ ಇವೆ, ಚೂರೂ ಉಳಿಯುವುದಿಲ್ಲ. ಒಂದು ಜಾ ವರ್ಷದಲ್ಲಿ ಒಂದು ತಾರೀಖು ಗುರುವಾರ ಸಂಜೆ ಶುರುವಾದರೆ, ಹಿಂದಿನ ಜಾ ವರ್ಷದಲ್ಲೂ ಗುರುವಾರ, ಮುಂದಿನದರಲ್ಲೂ ಗುರುವಾರ. ಹಳ್ಳಿಯ ಜನ ಇಂಥ ಚಕ್ರವನ್ನು ಕೈಬಿಡದೆ ಇಟ್ಟುಕೊಂಡದ್ದೇ ಈ ಅನುಕೂಲಕ್ಕೆ: ಒಮ್ಮೆ ಕಲಿತರೆ ಸಾಯುವವರೆಗೂ ವಾರ ಮರೆಯುವಂತಿಲ್ಲ. ನನ್ನ 'ಸಂದೇಹಕ್ಕೆಡೆಯಿಲ್ಲದ' ಸಾಕ್ಷಿ ಹದಿನೇಳಕ್ಕೂ ಹೌದು ಅನ್ನುತ್ತಿತ್ತು, ಇಪ್ಪತ್ತೈದಕ್ಕೂ ಹೌದು ಅನ್ನುತ್ತಿತ್ತು. ಯಾರು ಏನು ಕೇಳಿದರೂ ತಲೆಯಾಡಿಸುವ ಸಾಕ್ಷಿಯನ್ನು ಪ್ರಮಾಣ ಮಾಡಿ ಕೋರ್ಟಿಗೆ ಕಳಿಸಿದ್ದೆ.

ಹೋಬೋಕನ್ನಿಗೆ ಸೆಕಾಕಸ್‌ನಲ್ಲಿ ರೈಲು ಬದಲಿಸಬೇಕು. ಸೆಕಾಕಸ್ ಬಂದು ಹೋದದ್ದು ನನಗೆ ಗೊತ್ತಾಗಲಿಲ್ಲ. ಕಿವಿ ಗುಂಯ್ ಎಂದಾಗ ರೈಲು ನದಿಯ ಕೆಳಗಿನ ಸುರಂಗದಲ್ಲಿತ್ತು. ಕಿಟಕಿಯಲ್ಲಿ ಕಂಡ ನನ್ನ ಮುಖದಲ್ಲಿ ಬಾಯಿ ಸ್ವಲ್ಪ ತೆರೆದಿತ್ತು. ಮ್ಯಾನ್‌ಹಟನ್ನಿನ ನೆಲದಡಿಯ ಸ್ಟೇಷನ್ನಿನಲ್ಲಿ ಇಳಿದು, ಕಂಬವೊಂದಕ್ಕೆ ಒರಗಿ, ಮೂರನೆಯ ಸಲ ಭಾಗಿಸಿದೆ. ಪೊಲೀಸಿನವನೊಬ್ಬ ನಾಯಿಯ ಜೊತೆ ಹಾದುಹೋದ. ನಾಯಿ ನನ್ನನ್ನು ನೋಡಿತು. ಅದಕ್ಕೆ ಗೊತ್ತಾಗಿದೆ ಅನ್ನಿಸಿತು.

ಸಂಜೆ ಹೆಂಡತಿಗೆ ಹೇಳಿದೆ.

"ನಿಮ್ಮ ಇಂಟರ್‌ವ್ಯೂ ಮುಗಿಯೋವರೆಗೂ ಬಾಯಿ ಬಿಡ್ಬೇಡಿ" ಎಂದಳು. "ಸುಳ್ಳು ಪ್ರಮಾಣ ಅಂತ ನಿಮ್ಮನ್ನೇ ಹಿಡ್ಕೊಂಡ್ರೆ? ಅಷ್ಟಕ್ಕೂ ಇದು ಯಾರಿಗ್ರೀ ಗೊತ್ತಾಗತ್ತೆ?"

"ಏಳರಿಂದ ಭಾಗಿಸೋಕೆ ಬರೋರಿಗೆ."

"ಈ ದೇಶದಲ್ಲಿ ಯಾರೂ ಭಾಗಿಸಲ್ಲ."

ಸಮಾಧಾನದ ಮಾತೇ. ಆದರೆ ಅವಳೇ ಸ್ವಲ್ಪ ಹೊತ್ತಾದ ಮೇಲೆ, ಸ್ಟವ್ ಆರಿಸುತ್ತ ಕೇಳಿದಳು: "ಕೋರ್ಟಲ್ಲಿ, ಆ ಹುಡುಗಿ ಎದುರಿಗೇ, ಯಾರಾದ್ರೂ ಭಾಗಿಸಿಬಿಟ್ರೆ?"

ಆ ರೀತಿ ನಾನು ಯೋಚಿಸಿರಲಿಲ್ಲ. ಅದುವರೆಗೆ ನನ್ನ ಭಯವೆಲ್ಲ ನನ್ನ ಸುತ್ತಲೇ ಇತ್ತು. ಅದು ಎದ್ದು ಹೋಗಿ ಮುದುಕರ ಪಕ್ಕದಲ್ಲಿ ಕೂತಿತು. ಅಲ್ಲಿ ಇನ್ನೂ ದೊಡ್ಡದಾಗಿ ಕಂಡಿತು.

ಮಾರನೆಯ ಬೆಳಿಗ್ಗೆ ಆಫೀಸಿಗೆ ರಜೆ ಹಾಕಿ ವಕೀಲೆಯ ಎದುರು ಕೂತು ಲಕೋಟೆ ತೋರಿಸಿದೆ. ಅವರು ಫೋನಿನಲ್ಲೇ ಭಾಗಿಸಿ ನೋಡಿದರು. ಹೆಂಡತಿಯ ಭರವಸೆ ಅಲ್ಲಿಗೆ ಮುಗಿಯಿತು.

"ಸರ," ಎಂದರು, ಬಹಳ ಮೆಲ್ಲಗೆ. "ಸಹಿ ಮಾಡೂಕಿಂತ ಮದ್ಲ ಇದನ್ನ ಮಾಡಬೇಕಿತ್ತಲ್ರಿ."

"ಹೌದು."

"ಪಂಚಾಂಗ ಮಾಡಾವ್ರು ಅಂತ ಕರಸಿದ್ನೆಲ್ರಿ. ಸಾಲಿ ಹುಡುಗ್ರು ಮಾಡೂ ಲೆಕ್ಕರೀ ಇದು!"

"ಹೌದು."

"ಬರೇ ಹೌದು ಹೌದು ಅಂತೀರಲ್ಲ!" ಎಂದು ಎದ್ದು ಕಿಟಕಿಯ ಹತ್ತಿರ ಹೋದರು. ಕೆಳಗೆ ಸೀರೆ ಅಂಗಡಿಯವನು ಗೊಂಬೆಗೆ ಸೆರಗು ಹೊದಿಸುತ್ತಿದ್ದ. ತಿರುಗಿ ಬಂದು ಕೂತರು. "ತಪ್ಪು ಅಂತ ಗೊತ್ತಾದಮ್ಯಾಲ ಕೋರ್ಟಿನಾಗ ಅದನ್ನ ಇಡಾಕ ಬರಂಗಿಲ್ಲ. ನನ್ನ ಲೈಸೆನ್ಸ್ ಹೋಗ್ತದ. ಹಿಂದ ತಗೋತೇನಿ. ತಗೊಂಡ್ರ ಕೈಯಾಗ ಏನೂ ಉಳಿಯಂಗಿಲ್ಲ. ಪಾಸ್‌ಪೋರ್ಟಿನ ಇಪ್ಪತ್ತೊಂದ ಗಟ್ಟಿ. ಅಂಕಲ್ ಹೋದ್ರು ಅಂತ ತಿಳೀರಿ."

ನಾನು ಅವರ ತಲೆಯ ಹಿಂದಿನ ಗೋಡೆ ನೋಡಿದೆ. ಅಲ್ಲಿ ನನ್ನದೇ ಪಂಚಾಂಗ ತೂಗುತ್ತಿತ್ತು. ಕಿರಾಣಿ ಅಂಗಡಿಯ ಲಕ್ಷ್ಮಿಯ ಕೆಳಗೆ ದಪ್ಪ ಅಕ್ಷರದಲ್ಲಿ 'ಅಧಿಕ ಮಾಸ' ಎಂದಿತ್ತು.

ಚಂದ್ರನ ವರ್ಷ ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಚಿಕ್ಕದು. ನಮ್ಮವರು ಎರಡು ಮೂರು ವರ್ಷಕ್ಕೊಮ್ಮೆ ಒಂದು ಅಧಿಕ ಮಾಸ ತುರುಕಿ ಅದನ್ನು ಸರಿಮಾಡುತ್ತಾರೆ. ಅದಕ್ಕೇ ನಮ್ಮ ಶ್ರಾವಣ ಯಾವಾಗಲೂ ಮಳೆಯಲ್ಲೇ ನೆನೆಯುತ್ತದೆ. ಮುಸ್ಲಿಮರ ಲೆಕ್ಕದಲ್ಲಿ ಅಧಿಕ ಮಾಸವಿಲ್ಲ. ಅವರ ತಿಂಗಳುಗಳು ಋತುಗಳ ಮೇಲೆ ಹಿಂದುಹಿಂದಕ್ಕೆ ಜಾರುತ್ತವೆ. ಎಂಟು ವರ್ಷದಲ್ಲಿ ಎಷ್ಟು ಜಾರುತ್ತವೆ? ಲಕೋಟೆಯನ್ನು ತಿರುಗಿಸಿದೆ. ಸುಮಾರು ಮೂರು ತಿಂಗಳು.

"ಎರಡೂ ಗುರುವಾರವೇ. ಆದರೆ ಮೊದಲನೆಯ ಗುರುವಾರ ಮಾರ್ಚ್ ಶುರುವಿನಲ್ಲಿ ಬರುತ್ತದೆ, ಎರಡನೆಯದು ಡಿಸೆಂಬರ್ ಶುರುವಿನಲ್ಲಿ" ಎಂದೆ. "ಆ ಕರಾವಳಿಯಲ್ಲಿ ಡಿಸೆಂಬರ್ ಎಂದರೆ ಹುಚ್ಚು ಮಳೆ. ಸಮುದ್ರ ಮುಚ್ಚಿರುತ್ತೆ, ಹೊಳೆ ಊರಿಗೆ ನುಗ್ಗಿರುತ್ತೆ. ಮಾರ್ಚಿನಲ್ಲಿ ಗದ್ದೆ ಒಣಗಿ ದೋಣಿಗಳೆಲ್ಲ ಸಮುದ್ರದಲ್ಲಿರುತ್ತವೆ. ಆ ಅಜ್ಜ ದೋಣಿ ಹೊರಡುವ ಹೊತ್ತು ನೋಡುತ್ತಿದ್ದವನು. ನಾವು ಓದಿರುವುದು ಒಂದೇ ಪುಟದ ಒಂದೇ ಸಾಲು."

ವಕೀಲೆ ಲಕೋಟೆ ನೋಡಿದರು, ನನ್ನನ್ನು ನೋಡಿದರು. "ಅಂದ್ರ ಪುಸ್ತಕದಾಗ ಮಳಿ ಇದ್ರ ನಮ್ಮಾವ. ಬಿಸಲಿದ್ರ ಹೋದ."

"ಹೌದು."

"ಮತ್ತ ಹೌದು! ಉಲ್ಟಾ ಬಂದ್ರೇನ್ ಮಾಡ್ತೀರಿ?"

"ಬಂದದ್ದನ್ನು ಬರೆಯುತ್ತೇನೆ. ಮೊದಲ ಸಲ ಬೇಕಾದ ವರ್ಷವನ್ನು ಮಾತ್ರ ಪರೀಕ್ಷಿಸಿದೆ. ಅದೇ ತಪ್ಪು."

ಇನ್ನೊಂದು ಮಾತು ಸೇರಿಸಿದೆ. ಅದನ್ನು ಹೇಳುವಾಗ ನನ್ನ ದನಿ ನನಗೇ ಬೇರೆಯವರದಂತೆ ಕೇಳಿಸಿತು. ಪುಟಗಳನ್ನು ಮೊದಲು ಮುದುಕರೇ ಓದಬೇಕು. ಅಜ್ಜನ ಕೈಬರಹವನ್ನೂ ಆ ಮನೆಯನ್ನೂ ಬಲ್ಲವರು ಅವರೊಬ್ಬರೇ. ಅವರು ಓದಿದ್ದನ್ನು ಆಮೇಲೆ ಮುದ್ರೆಯ ಅನುವಾದಕರು ತಾಳೆ ನೋಡಲಿ. ಆದರೆ ಯಾವ ಋತು ಬಂದರೆ ಒಳ್ಳೆಯದು ಎಂಬುದು ಮುದುಕರಿಗೂ ಗೊತ್ತಿರಕೂಡದು, ಮಗಳಿಗೂ ಗೊತ್ತಿರಕೂಡದು.

ಮಗಳಿಗೆ ಫೋನಿನಲ್ಲಿ ಇಷ್ಟು ಮಾತ್ರ ಹೇಳಿದೆವು: ಪುಸ್ತಕವಿಡೀ ನೋಡಿದರೆ ನಿಮ್ಮ ತಂದೆ ಉಳಿಯಬಹುದು, ಅಥವಾ ಇರುವ ಅಲ್ಪ ಆಸೆಯೂ ಹೋಗಬಹುದು. ಅವಳ ಹಿಂದೆ ಆಸ್ಪತ್ರೆಯ ಯಾವುದೋ ಯಂತ್ರ ಟಿಕ್ ಟಿಕ್ ಎನ್ನುತ್ತಿತ್ತು.

"ಪುಸ್ತಕ ಅಪ್ಪನದು, ಅಂಕಲ್. ಅಪ್ಪನ್ನೇ ಕೇಳಿ" ಎಂದಳು ಇಂಗ್ಲಿಷಿನಲ್ಲಿ. ಆಮೇಲೆ, "ನೀವು ಮೊದಲ ಸಲ ಶೂರ್ ಅಂದಿದ್ರಿ" ಎಂದಳು. ಅದಕ್ಕೂ ಹೌದು ಎಂದೆ.

ಡಿಟೆನ್ಷನ್ ಸೆಂಟರಿನ ಭೇಟಿಯ ಕೋಣೆಯಲ್ಲಿ ನೆಲಕ್ಕೆ ಬಿಗಿದ ಮೇಜು, ನಾಲ್ಕು ಸ್ಟೂಲು. ಬೆಲ್ಟು, ಪೆನ್ನು, ಫೋನು ಎಲ್ಲ ಬಾಗಿಲಲ್ಲೇ ಕೊಟ್ಟು, ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ವಿದ್ವತ್ತಿನ ಇನ್ನೊಂದು ಮೆಟ್ಟಿಲೇರಿದೆ. ಮುದುಕರು ಬಂದರು. ಸಣ್ಣ ಆಳು, ದೊಡ್ಡ ಪಾತ್ರೆ ಎತ್ತಿ ಎತ್ತಿ ದಪ್ಪವಾದ ಮಣಿಕಟ್ಟು. ಹಡಗುಕಟ್ಟೆಯ ಇಂಗ್ಲಿಷು.

"ನನ್ನ ಬರ್ತ್‌ಡೇ ಕಳೆದುಹಾಕಿದವನು ನೀನೇನಾ?" ಎಂದರು.

"ನಾನೇ."

"ಪರವಾಗಿಲ್ಲ. ಅದು ಇದ್ದಾಗಲೂ ಯಾರೂ ಕೇಕ್ ತರಲಿಲ್ಲ."

ವಕೀಲೆ ವಿಷಯ ಹೇಳಿದರು: ಓದಿದರೆ ಎರಡರಲ್ಲಿ ಒಂದಾಗುತ್ತದೆ, ಯಾವುದಕ್ಕೆ ಏನು ಎಂದು ಹೇಳುವಂತಿಲ್ಲ, ಬೇಡವೆಂದರೆ ಇಲ್ಲಿಗೇ ನಿಲ್ಲಿಸಬಹುದು. ಮುದುಕರು ಹಾಳೆಗಳನ್ನು ತಮ್ಮ ಕಡೆ ಎಳೆದುಕೊಂಡರು. "ಅಜ್ಜನ ಅಕ್ಷರ ನೋಡಿ ಐವತ್ತು ವರ್ಷ ಆಗಿರಬೇಕು" ಎಂದು ಬೆರಳಿಟ್ಟು, ಒಂದೊಂದೇ ಸಾಲು ಇಂಗ್ಲಿಷ್ ಮಾಡುತ್ತ ಹೊರಟರು. ವಕೀಲೆ ಅಲ್ಲಿ ಕೊಟ್ಟ ಮೊಂಡು ಪೆನ್ಸಿಲಿನಲ್ಲಿ ಬರೆದುಕೊಂಡರು.

"ಶ್ರೀ ಹೊತ್ತು, ದೋಣಿ ಹೊರಟಿತು, ಮೀನು ಒಳ್ಳೆಯದು. ಬ್ರಹ್ಮ ಹೊತ್ತು, ದೋಣಿ ಹೊರಟಿತು, ಬಲೆ ಹರಿಯಿತು. ಕಾಳ ಹೊತ್ತು, ಹೊರಡಲಿಲ್ಲ. ಕಾಳ, ಹೊರಡಲಿಲ್ಲ." ತಲೆಯೆತ್ತಿದರು. "ಅಜ್ಜ ಕಾಳ ಹೊತ್ತಲ್ಲಿ ಯಾವತ್ತೂ ದೋಣಿ ಬಿಡುತ್ತಿರಲಿಲ್ಲ. ಪಕ್ಕದ ಮನೆಯವನು ಬಿಟ್ಟ. ಮತ್ತೆ ಬರಲಿಲ್ಲ."

ಪುಟ ತಿರುವಿದರು. ಮುಂದಿನ ತಿಂಗಳು ಬಂತು, ಅಲ್ಲೂ ಎರಡು ಸಾಲು ಮೀನು. ಹುಟ್ಟಿದ ದಿನದವರೆಗೂ ದೋಣಿಗಳು ಹೋಗುತ್ತಲೇ ಇದ್ದರೆ ಅದು ಮಾರ್ಚ್. ಆಮೇಲೆ ಜಮಾದಿಲ್ ಆಖಿರ್. ಹುಟ್ಟಿದ ಸಾಲಿಗೆ ಸ್ವಲ್ಪ ಮೇಲೆ ಅವರ ಬೆರಳು ನಿಂತಿತು. ಆ ಒಂದು ಸಾಲು ಮಾತ್ರ ಉಳಿದವುಗಳಂತೆ ನೇರವಾಗಿರಲಿಲ್ಲ. ಹಾಳೆಯ ಮೇಲೆ ಓರೆಯಾಗಿ ಇಳಿದಿತ್ತು.

"ಗುರುವಾರ. ಕಾಳ ಹೊತ್ತು." ಮುದುಕರು ಹುಬ್ಬು ಗಂಟಿಕ್ಕಿದರು. ಮತ್ತೊಮ್ಮೆ ಓದಿಕೊಂಡರು. "ದೋಣಿ ಹೊರಟಿತು."

ವಕೀಲೆಯ ಪೆನ್ಸಿಲು ನಿಂತಿತು. ದೋಣಿ ಹೊರಟಿತು, ಸಮುದ್ರ ತೆರೆದಿತ್ತು, ಮಾರ್ಚ್. ಎದುರಿಗೆ ಕೂತ ಮನುಷ್ಯನನ್ನು ಅವನ ಬಾಯಿಂದಲೇ ವಿಮಾನ ಹತ್ತಿಸಿದ್ದೆ. ಆತ ನನ್ನ ಮುಖ ನೋಡಿಬಿಟ್ಟಾನೆಂದು ತಲೆ ತಗ್ಗಿಸಿದೆ.

"ತಪ್ಪು ಬರೆದಿರಬೇಕು" ಎಂದು ಅವರು ತಮ್ಮಷ್ಟಕ್ಕೆ ಗೊಣಗಿದರು. "ಅಜ್ಜ ಹಾಗೆ ಮಾಡುವವನಲ್ಲ." ಬೆರಳು ಮುಂದೆ ಸರಿಯಿತು. "ಮೆಟ್ಟಿಲಿಂದ... ನಮ್ಮ ಮನೆ ಕಂಬದ ಮೇಲಿತ್ತು, ಮೆಟ್ಟಿಲಿದ್ದವು. ಮೆಟ್ಟಿಲಿಂದ ದೋಣಿ ಹೊರಟಿತು. ಗದ್ದೆಯ ಮೇಲೆ. ಸೂಲಗಿತ್ತಿಯನ್ನು ತರಲಿಕ್ಕೆ." ಸ್ವಲ್ಪ ತಡೆದು, "ನೀರು ಏಳನೆಯ ಮೆಟ್ಟಿ­ಲಲ್ಲಿ" ಎಂದರು.

ಮಾರ್ಚಿನ ಒಣಗದ್ದೆಯ ಮೇಲೆ ಯಾರೂ ದೋಣಿ ನಡೆಸಲಾರರು.

"ಆಮೇಲೆ?" ಎಂದೆ.

"ಆಮೇಲೆ ನಾನು." ಅವರು ಹುಟ್ಟಿದ ಸಾಲನ್ನು ಬೆರಳಿನಿಂದ ತಟ್ಟಿದರು. "ಅದರ ಕೆಳಗೆ, 'ಸೂಲಗಿತ್ತಿ ಮೂರು ದಿನ ಇಲ್ಲೇ. ನೀರು ಇಳಿದಿಲ್ಲ.' ಆಮೇಲೆ ಎಷ್ಟೋ ದಿನ ಮೀನಿಲ್ಲ." ನಮ್ಮಿಬ್ಬರನ್ನೂ ನೋಡಿದರು. "ಇದು ಒಳ್ಳೆಯದಾ, ಕೆಟ್ಟದ್ದಾ?"

ವಕೀಲೆ ಪೆನ್ಸಿಲು ಕೆಳಗಿಟ್ಟರು. ಕನ್ನಡದಲ್ಲಿ "ಯಪ್ಪಾ" ಎಂದರು. ಮುದುಕರಿಗೆ ಅರ್ಥವಾದಂತೆ ಕಂಡಿತು.

ಎರಡನೆಯ ಪ್ರಮಾಣಪತ್ರದ ಮೊದಲ ವಾಕ್ಯ, ಮೊದಲ ಪ್ರಮಾಣಪತ್ರದ ಕೊನೆಯ ವಾಕ್ಯ ತಪ್ಪು ಎಂಬುದು. ಅದನ್ನು ಬರೆಯಲು ನನಗೆ ಒಂದಿಡೀ ಭಾನುವಾರ ಹಿಡಿಯಿತು. ಉಳಿದ ಎಲ್ಲ ಪುಟಗಳಿಗೆ ಒಂದು ಗಂಟೆ.

ವಿಚಾರಣೆಯ ದಿನ ಸರ್ಕಾರಿ ವಕೀಲರು ನನ್ನೆದುರು ಎರಡನ್ನೂ ಪಕ್ಕಪಕ್ಕ ಇಟ್ಟರು. ಒರಟರಲ್ಲ, ಸಭ್ಯರು. ಅದೇ ಹೆಚ್ಚು ಭಯ ಹುಟ್ಟಿಸಿತು.

"ಮೊದಲ ಸಲ ಪ್ರಮಾಣ ಮಾಡಿ ಹೇಳಿದ್ದು ತಪ್ಪೇ?"

"ತಪ್ಪು."

"ಹಾಗಾದರೆ ಈಗ ಹೇಳುತ್ತಿರುವುದನ್ನು ನಾವೇಕೆ ನಂಬಬೇಕು?"

ಎರಡನೆಯ ಪತ್ರವನ್ನು ಅವರ ಕಡೆ ಸರಿಸಿದೆ. "ನನ್ನನ್ನು ನಂಬಬೇಕಾಗಿಲ್ಲ" ಎಂದೆ. "ಮೊದಲ ಸಲ, ನಂಬಿ ಎಂದು ಬರೆದಿದ್ದೆ. ಈ ಸಲ, ಮಾಡಿ ನೋಡಿ ಎಂದು ಬರೆದಿದ್ದೇನೆ. ಮೂರನೆಯ ಪುಟದಲ್ಲಿ ಭಾಗಾಕಾರವಿದೆ. ನಾಲ್ಕನೆಯದರಲ್ಲಿ ದೋಣಿಯಿದೆ."

ಜಡ್ಜ್ ಪುಟ ತಿರುವಿ, ಪೆನ್ಸಿಲು ತೆಗೆದುಕೊಂಡು, ನಮ್ಮೆಲ್ಲರನ್ನೂ ಕೂರಿಸಿಕೊಂಡು ಎರಡು ಸಾವಿರದ ಎಂಟುನೂರ ಮೂವತ್ತೈದನ್ನು ಏಳರಿಂದ ಭಾಗಿಸಿದರು. ಅಷ್ಟು ಉದ್ದದ ಭಾಗಾಕಾರವನ್ನು ನಾನು ಇನ್ನೆಂದೂ ನೋಡಿಲ್ಲ. ಆಮೇಲೆ ಮಳೆಗಾಲದ ಬಗ್ಗೆ ಎರಡು ಪ್ರಶ್ನೆ ಕೇಳಿ, ತೀರ್ಪನ್ನು ಕಾಯ್ದಿರಿಸಿದರು.

ಅದು ಬರಲು ಏಳು ವಾರ ಬೇಕಾಯಿತು. ಹೋಬೋಕನ್ನಿನ ಆಫೀಸಿನಲ್ಲಿ ಮೀಟಿಂಗಿನ ನಡುವೆ ಫೋನು ಬಂತು. "ಸರ, ಅಂಕಲ್ ಹದಿನೇಳು! ಸಂಜಿಗೆ ಮನೀಗೆ ಬರ್ತಾರ" ಎಂದು ವಕೀಲೆ ಕೂಗಿದರು. ನಾನು ಮೀಟಿಂಗಿಗೆ ಮರಳಿ, ನನ್ನ ಸರದಿ ಬಂದಾಗ, ಏನು ಮಾತಾಡಬೇಕಿತ್ತೆಂದು ಮರೆತೆ.

ಮುಂದಿನ ಭಾನುವಾರ ಮುದುಕರು ಮಗಳ ಜೊತೆ ಎಡಿಸನ್ನಿನ ನಮ್ಮ ಮನೆಗೆ ಬಂದರು. ಬೆಲ್ಲದ ಬಣ್ಣದ ಒಂದು ಸಿಹಿಯನ್ನು ತಾವೇ ಮಾಡಿ ತಂದಿದ್ದರು. ಪಾಸ್‌ಪೋರ್ಟಿನ ವಯಸ್ಸಿಗಿಂತ ಸುಮಾರು ನಾಲ್ಕು ವರ್ಷ ಚಿಕ್ಕವರಾಗಿಬಿಟ್ಟದ್ದಕ್ಕೆ, "ಆ ನಾಲ್ಕು ವರ್ಷ ಈಗ ಎಲ್ಲಿಡಲಿ?" ಎಂದು ನನ್ನ ಹೆಂಡತಿಯನ್ನು ಕೇಳಿದರು. ಅವಳು ಮಾತಿನ ನಡುವೆ ನನ್ನ ಇಂಟರ್‌ವ್ಯೂ ವಿಷಯ ಎತ್ತಿದಳು: ಮಂಗಳವಾರ, ಬೆಳಿಗ್ಗೆ ಹತ್ತೂ ನಲವತ್ತಕ್ಕೆ.

ಮುದುಕರು ನನ್ನ ಪಂಚಾಂಗದ ಹಿಂಬದಿಯಲ್ಲಿ ಐದು ಮನೆಯ ಚಕ್ರ ಬರೆದರು. ಬೆರಳು ಮಡಚಿ ಎಣಿಸಿದರು. ಪೆನ್ನು ಒಂದು ಮನೆಯ ಮೇಲೆ ನಿಂತಿತು.

"ಕಾಳ" ಎಂದರು.

ಹೆಂಡತಿ ನನ್ನ ಮುಖ ನೋಡಿದಳು. ರಾಹುಕಾಲ ಅಚ್ಚು ಹಾಕಿ ಊರಿಗೆಲ್ಲ ಹಂಚುವವನು ನಾನು. ನಗುವ ಹಕ್ಕು ನನಗಿರಲಿಲ್ಲ.

"ಭಯ ಆಗುತ್ತಾ?" ಎಂದು ಮುದುಕರು ಕೇಳಿದರು.

"ಆಗುತ್ತೆ."

"ಅಜ್ಜನಿಗೂ ಆಗಿತ್ತು. ಆ ಸಾಲು ನೋಡಿದೆಯಲ್ಲ, ಓರೆಯಾಗಿತ್ತು."

ಮಂಗಳವಾರ ಹೋದೆ. ಅಧಿಕಾರಿಣಿ ನನ್ನ ಅರ್ಜಿಯ ಪ್ರಶ್ನೆಗಳನ್ನು ಒಂದೊಂದಾಗಿ ಓದಿ, ಇಲ್ಲ ಎಂಬ ನನ್ನ ಉತ್ತರಗಳಿಗೆ ಗುರುತು ಹಾಕುತ್ತ ಬಂದರು. ಯುದ್ಧ ಮಾಡಿದ್ದೀರಾ? ಇಲ್ಲ. ಯಾರನ್ನಾದರೂ ಹಿಂಸಿಸಿದ್ದೀರಾ? ಏಕಾದಶಿಯ ಆಂಟಿ ನೆನಪಾದರು, ಇಲ್ಲ ಎಂದೆ.

"ಸರ್ಕಾರದ ಯಾವುದೇ ಅಧಿಕಾರಿಗೆ ಯಾವಾಗಲಾದರೂ ತಪ್ಪು ಮಾಹಿತಿ ಕೊಟ್ಟಿದ್ದೀರಾ?"

ಅವರ ಪೆನ್ನು ಆಗಲೇ 'ಇಲ್ಲ' ಎಂಬ ಚೌಕದ ಮೇಲಿತ್ತು. ಗೋಡೆಯ ಗಡಿಯಾರದಲ್ಲಿ ಹತ್ತೂ ಐವತ್ತೈದು. ಕಾಳ ಇನ್ನೂ ಮುಗಿದಿರಲಿಲ್ಲ.

"ಹೌದು" ಎಂದೆ. "ಒಮ್ಮೆ. ಒಂಬತ್ತನೆಯ ದಿನ ಒಪ್ಪಿಕೊಂಡೆ. ಹೇಳಲು ಒಂದು ಹಾಳೆ ಬೇಕು."

ಅವರು ಪೆನ್ನನ್ನು ಚೌಕದಿಂದ ಎತ್ತಿ, ಹಾಳೆಯ ಜೊತೆ ಅದನ್ನೂ ನನ್ನ ಕಡೆ ಸರಿಸಿದರು. ನಾನು ಬರೆಯಲು ಶುರುಮಾಡಿದೆ: ಎರಡು ಸಾವಿರದ ಎಂಟುನೂರ ಮೂವತ್ತೈದು. ಅಂಕಿಗಳು ಸ್ವಲ್ಪ ಓರೆಯಾಗಿಯೇ ಇಳಿದವು.